ಮಗು ಮಲಗಿದಾಗ ನಿಮಗೆ ನಿದ್ದೆ ಬರುತ್ತಾ?

ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಹೆರಿಗೆಯಾಗಿ ಮೂರು ತಿಂಗಳಾದರೂ ಬೆನ್ನುನೋವು ಬಿಟ್ಟಿಲ್ಲ ಎಂದು ಬರೆದಿದ್ದ ಓದುಗರೊಬ್ಬರಿಗೆ ಹಿಂದಿನ ಸಂಚಿಕೆಯಲ್ಲಿ ಉತ್ತರಿಸುವಾಗ ನಾನೊಂದು ಮರುಪ್ರಶ್ನೆ ಹಾಕಿದ್ದೆ: ಮಗು ಮಲಗಿದಾಗಲಾದರೂ ನಿಮಗೆ ನಿದ್ದೆ ಬರುತ್ತಾ? ಬೆನ್ನುನೋವಿನ ವಿಷಯಕ್ಕೆ ಬೇರೆ ಯಾರೂ ಬರೆಯಲಿಲ್ಲ. ಆ ಒಂದು ಸಾಲಿಗೆ ಮಾತ್ರ ಪತ್ರಗಳು ಬರುತ್ತಲೇ ಇವೆ. ಹೆಚ್ಚಿನವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಈ ಸಲದ ಅಂಕಣ ಪೂರ್ತಿ ಆ ಪತ್ರಗಳಿಗೇ.

ಪ್ರಶ್ನೆ: ಡಾಕ್ಟರೇ, ನನಗೆ 29 ವರ್ಷ. ಮಗುವಿಗೆ ಏಳು ವಾರ. ನಿಮ್ಮ ಪ್ರಶ್ನೆ ಓದಿ ಅತ್ತುಬಿಟ್ಟೆ. ನನಗೆ ನಿದ್ದೆ ಬರುವುದಿಲ್ಲ. ಮಗು ಮೂರು ಗಂಟೆ ಮಲಗಿದರೂ ನಾನು ಕಣ್ಣು ಬಿಟ್ಟುಕೊಂಡೇ ಬಿದ್ದಿರುತ್ತೇನೆ. ಉಸಿರಾಡುತ್ತಿದೆಯಾ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಮೆಟ್ಟಿಲು ಇಳಿಯುವಾಗ ಮಗು ಕೈಜಾರಿ ಬಿದ್ದ ಹಾಗೆ ಕಣ್ಣೆದುರು ಬರುತ್ತದೆ. ಅದಕ್ಕೇ ಮಗುವನ್ನು ಎತ್ತಿಕೊಂಡು ಮೆಟ್ಟಿಲ ಹತ್ತಿರ ಹೋಗುವುದನ್ನೇ ಬಿಟ್ಟಿದ್ದೇನೆ. ಹಾಲು ಕುಡಿಸುತ್ತೇನೆ, ಸ್ನಾನ ಮಾಡಿಸುತ್ತೇನೆ, ಆದರೆ ಯಾರದೋ ಮಗುವನ್ನು ನೋಡಿಕೊಂಡ ಹಾಗೆ ಅನ್ನಿಸುತ್ತದೆ. ಆರು ವಾರದ ಚೆಕಪ್‌ನಲ್ಲಿ ಡಾಕ್ಟರು "ಎಲ್ಲ ಚೆನ್ನಾಗಿದೆ ಅಲ್ವಾ?" ಅಂದರು. "ಹೂಂ" ಅಂದೆ. ನಾನು ಕೆಟ್ಟ ತಾಯಿಯಾ?

ಉತ್ತರ: ಖಂಡಿತ ಅಲ್ಲ ತಂಗಿ. ನಿಮಗೆ ಹುಷಾರಿಲ್ಲ, ಅಷ್ಟೇ. ನೀವು ಬರೆದಿರುವುದನ್ನು ನೋಡಿದರೆ ಹೆರಿಗೆಯ ನಂತರದ ಖಿನ್ನತೆ, ಅದರ ಜೊತೆಗೆ ವಿಪರೀತ ಆತಂಕ ಇರುವ ಸಾಧ್ಯತೆ ಹೆಚ್ಚು. ಪತ್ರ ಓದಿ ಕಾಯಿಲೆ ನಿರ್ಧರಿಸುವುದು ಸರಿಯಲ್ಲ, ಎದುರಿಗೆ ಕೂತು ಮಾತಾಡಿಸಿದ ವೈದ್ಯರೇ ಅದನ್ನು ಹೇಳಬೇಕು. ಆದರೆ ಈ ವಾರವೇ ತೋರಿಸಿಕೊಳ್ಳಿ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಇದು ವಾಸಿಯಾಗುವ ಕಾಯಿಲೆ.

ಮೊದಲು ಮೆಟ್ಟಿಲಿನ ವಿಷಯ. ಇದನ್ನು ಬರೆಯುವಾಗ ನಿಮ್ಮ ಅಕ್ಷರ ಸಣ್ಣದಾಗಿದೆ, ಎರಡು ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದೀರಿ. ಬೇಡವೆಂದರೂ ನುಗ್ಗಿ ಬರುವ ಇಂಥ ಚಿತ್ರಗಳು ಹೊಸ ತಾಯಂದಿರಲ್ಲಿ ಎಷ್ಟೋ ಜನರಿಗೆ ಬರುತ್ತವೆ. ಹೇಳಿದರೆ ಮಗುವನ್ನು ಕಿತ್ತುಕೊಂಡುಬಿಡುತ್ತಾರೇನೋ ಎಂಬ ಭಯಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ನಿಮಗೆ ಆ ಚಿತ್ರ ಬಂದಾಗ ಎದೆ ನಡುಗಿತು, ನೀವು ಮೆಟ್ಟಿಲನ್ನೇ ಬಿಟ್ಟಿರಿ. ಮಗುವನ್ನು ಕಾಪಾಡಬೇಕು ಎನ್ನುವ ಮನಸ್ಸು ಅಲ್ಲಿ ಕೆಲಸ ಮಾಡುತ್ತಿದೆ. ಆ ಆಲೋಚನೆಗೆ ಭಯವೇ ಆಗದೆ, ಹಾಗೆ ಮಾಡುವುದೇ ಸರಿ ಅನ್ನಿಸತೊಡಗಿದರೆ, ಅಥವಾ ಯಾರೋ ಮಾಡು ಎಂದು ಹೇಳಿದಂತೆ ಕೇಳಿಸಿದರೆ, ಅದು ಬೇರೆಯದೇ ಕಾಯಿಲೆ. ಆಗ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೋಗಬೇಕು. ಡಾಕ್ಟರ ಹತ್ತಿರ ಈ ಎರಡರಲ್ಲಿ ನಿಮ್ಮದು ಯಾವುದು ಎಂದು ಬಿಚ್ಚಿ ಹೇಳಿ. ಕೇಳಿ ಬೆಚ್ಚಿಬೀಳುವ ವಿಷಯವಲ್ಲ ಇದು, ನಾವು ಓದಿರುವುದೇ ಇದನ್ನೆಲ್ಲ.

ಇನ್ನು "ಎಲ್ಲ ಚೆನ್ನಾಗಿದೆ ಅಲ್ವಾ?" ಎನ್ನುವ ಪ್ರಶ್ನೆ. ನಾವು ಡಾಕ್ಟರುಗಳು ಅದನ್ನು ಕೇಳುವುದೇ ಉತ್ತರವನ್ನೂ ಒಳಗಿಟ್ಟು. ಅದಕ್ಕೆ "ಹೂಂ" ಎನ್ನದೆ ಬೇರೇನು ಹೇಳಲು ಸಾಧ್ಯ? ತಪ್ಪು ನಿಮ್ಮದಲ್ಲ. ಈ ಸಲ ಹೋದಾಗ ಬಾಯಲ್ಲಿ ಹೇಳಲಾಗದಿದ್ದರೆ ನನಗೆ ಬರೆದ ಪತ್ರದ ಫೋಟೊ ತೆಗೆದಿಟ್ಟುಕೊಂಡು ಅದನ್ನೇ ತೋರಿಸಿ. ನನ್ನ ಹತ್ತಿರ ಹೀಗೆ ಫೋನು ಮುಂದೆ ಹಿಡಿದು "ಓದಿ ಮೇಡಂ" ಎಂದವರು ಹಲವರಿದ್ದಾರೆ.

ಹೆರಿಗೆಯಾದ ಎರಡು ಮೂರನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು, ಸಿಡುಕು ಬರುವುದು ಅರ್ಧಕ್ಕಿಂತ ಹೆಚ್ಚು ಬಾಣಂತಿಯರಲ್ಲಿ ಇರುತ್ತದೆ. ಮಗು ಹುಟ್ಟಿದ ಕೂಡಲೇ ಹಾರ್ಮೋನುಗಳು ಧಡಕ್ಕನೆ ಇಳಿಯುತ್ತವೆ, ಜೊತೆಗೆ ನಿದ್ದೆಗೇಡು. ಅದು ಎರಡು ವಾರದೊಳಗೆ ತಾನಾಗಿ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಉಳಿದರೆ, ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ಮೊದಲು ಇಷ್ಟವಾಗುತ್ತಿದ್ದುದು ಯಾವುದೂ ಬೇಡವಾದರೆ, ಅದನ್ನು "ಬಾಣಂತಿ ಸಂಕಟ, ಹೋಗುತ್ತೆ ಬಿಡು" ಎಂದು ತಳ್ಳಬಾರದು. ನಿಮಗೆ ಏಳು ವಾರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಗರ್ಭಿಣಿಯರಲ್ಲಿ 100ಕ್ಕೆ ಸುಮಾರು 10, ಹೆರಿಗೆಯಾದವರಲ್ಲಿ 100ಕ್ಕೆ ಸುಮಾರು 13 ಮಂದಿಗೆ ಇಂಥ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಖಿನ್ನತೆಯದೇ ದೊಡ್ಡ ಪಾಲು. ನೀವು ಹೆರಿಗೆಯಾದ ವಾರ್ಡಿನಲ್ಲಿ ಎಂಟು ಹಾಸಿಗೆಗಳಿದ್ದರೆ, ಅಂದಾಜಿಗೆ ಒಂದು ಹಾಸಿಗೆಯಲ್ಲಿ ನಿಮ್ಮಂಥವರೊಬ್ಬರು ಇದ್ದರು.

ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಲು ಕೇಳಿ. ಹೆರಿಗೆಯಾದ ವರ್ಷದೊಳಗೆ 100ರಲ್ಲಿ ಸುಮಾರು 5 ಮಂದಿಗೆ ಥೈರಾಯ್ಡ್ ಗ್ರಂಥಿ ಊದಿಕೊಂಡು ಏರುಪೇರಾಗುತ್ತದೆ. ಅದು ಮೊದಲು ಆತಂಕದ ವೇಷ ಹಾಕುತ್ತದೆ, ಆಮೇಲೆ ಖಿನ್ನತೆಯ ವೇಷ. ಚಿಕಿತ್ಸೆಯಲ್ಲಿ ಮಾತಿನ ಚಿಕಿತ್ಸೆ ಇದೆ, ಅದನ್ನು ಹಗುರವಾಗಿ ಕಾಣಬೇಡಿ. ಮಾತ್ರೆ ಬೇಕಾದರೆ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ. ಸರ್ಟ್ರಲಿನ್ ಎಂಬ ಮಾತ್ರೆ ಎದೆಹಾಲಿಗೆ ಇಳಿಯುವುದು ಬಹಳ ಕಡಿಮೆ, ಹಾಗಾಗಿ ಸಾಮಾನ್ಯವಾಗಿ ಅದನ್ನೇ ಮೊದಲು ಯೋಚಿಸುತ್ತೇವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರದಲ್ಲೇ "ಇದರಿಂದ ಏನೂ ಆಗಲಿಲ್ಲ" ಎಂದು ಬಿಡಬೇಡಿ. ಮನೆಯಲ್ಲಿರುವವರಿಗೆ ನನ್ನ ಹೆಸರು ಹೇಳಿ ಒಂದು ಕೆಲಸ ವಹಿಸಿ: ರಾತ್ರಿಯ ಒಂದು ಪಾಳಿ ಅವರದು. ನಿಮಗೆ ಒಂದೇ ಸಮನೆ ನಾಲ್ಕೈದು ಗಂಟೆ ಮಲಗಲು ಅವಕಾಶ ಸಿಗಬೇಕು, ನಿದ್ದೆ ಬಾರದಿದ್ದರೂ ಆ ಹೊತ್ತು ಮಗುವಿನ ಕಾವಲು ನಿಮ್ಮದಲ್ಲ.

ಒಂದನ್ನು ನೀವು ಬರೆದಿಲ್ಲ, ಆದರೂ ಕೇಳುತ್ತೇನೆ. ಬದುಕೇ ಬೇಡ ಅನ್ನಿಸಿದೆಯಾ? ಅನ್ನಿಸಿದ್ದರೆ ಈ ವಾರದವರೆಗೂ ಕಾಯಬೇಡಿ. ಇವತ್ತೇ, ಮನೆಯಲ್ಲಿ ನೀವು ನಂಬುವ ಒಬ್ಬರಿಗೆ ಹೇಳಿ, ಅವರ ಜೊತೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಪ್ರಶ್ನೆ: ನಾನು ಗರ್ಭಿಣಿಯರ ಒಪಿಡಿಯಲ್ಲಿ ಸ್ಟಾಫ್ ನರ್ಸ್. ದಿನಕ್ಕೆ ಎಂಬತ್ತು ಜನ ಬರುತ್ತಾರೆ. ಬಿಪಿ, ತೂಕ, ಮೂತ್ರ, ಕಾರ್ಡು ತುಂಬುವುದು, ಇಷ್ಟಕ್ಕೇ ಹೊತ್ತು ಸಾಲದು. ಮನಸ್ಸಿನ ವಿಷಯ ಕೇಳಬೇಕು ಅನ್ನುತ್ತೀರಿ ಮೇಡಂ, ಯಾವಾಗ ಕೇಳಲಿ? ಪಕ್ಕದಲ್ಲಿ ಗಂಡನೋ ಅತ್ತೆಯೋ ಇದ್ದೇ ಇರುತ್ತಾರೆ. ಕೇಳಿದ ಮೇಲೆ ಆಕೆ ಅತ್ತುಬಿಟ್ಟರೆ ನಾನೇನು ಮಾಡಲಿ?

ಉತ್ತರ: ಸಿಸ್ಟರ್, ನಿಮ್ಮ ಪತ್ರ ಓದಿ ನನಗೆ ಹಳೆಯದೊಂದು ನೆನಪಾಯಿತು. ಇಷ್ಟು ವರ್ಷ ಯಾರಿಗೂ ಬರೆದು ಹೇಳಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಸಿಸೇರಿಯನ್ ಆದ ಒಬ್ಬಾಕೆ ಎರಡು ತಿಂಗಳಲ್ಲಿ ನಾಲ್ಕು ಸಲ ಬಂದಳು. ಹೊಲಿಗೆ ನೋವು ಅನ್ನುತ್ತಿದ್ದಳು. ಮೊದಲ ಸಲ ಗಾಯ ನೋಡಿದೆ, ಚೆನ್ನಾಗಿ ಮಾಗಿತ್ತು. ಎರಡನೆಯ ಸಲ ಮುಲಾಮು ಬದಲಿಸಿದೆ. ಮೂರನೆಯ ಸಲ ಸ್ಕ್ಯಾನ್ ಬರೆದೆ, ಏನೂ ಇರಲಿಲ್ಲ. ನಾಲ್ಕನೆಯ ಸಲ ನಾನು ತಲೆ ತಗ್ಗಿಸಿ ಚೀಟಿ ಬರೆಯುತ್ತಿದ್ದಾಗ ಆಕೆ ಬಟ್ಟೆಯಲ್ಲಿ ಸುತ್ತಿದ್ದ ಮಗುವನ್ನು ಮೆಲ್ಲಗೆ ಮೇಜಿನ ಮೇಲೆ ಮಲಗಿಸಿ, ನನ್ನ ಬರೆಯುವ ಕೈಗೆ ತಾಗುವಷ್ಟು ಹತ್ತಿರ ಸರಿಸಿದಳು. "ಇವನನ್ನು ನೀವೇ ಇಟ್ಟುಕೊಳ್ಳಿ ಮೇಡಂ" ಅಂದಳು. ದನಿಯಲ್ಲಿ ಏರಿಳಿತ ಇರಲಿಲ್ಲ. ನಾನು ಏನೆಂದು ತಿಳಿಯದೆ ನಕ್ಕೆ. ಬಿಪಿ ನೋಡುತ್ತಿದ್ದ ಹಿರಿಯ ಸಿಸ್ಟರ್ ನಗಲಿಲ್ಲ. ಸ್ಟೂಲು ಎಳೆದುಕೊಂಡು ಆಕೆಯ ಪಕ್ಕ ಕೂತು, "ಎಷ್ಟು ದಿನದಿಂದ ಹೀಗೆ ಅನ್ನಿಸ್ತಿದೆಯಮ್ಮ?" ಎಂದು ಕೇಳಿದರು. ಎರಡು ತಿಂಗಳಿಂದ. ಅಂದರೆ ಮೊದಲ ಸಲ ಬಂದಾಗಲೇ ಇತ್ತು. ಆಕೆ ಪ್ರತಿ ಸಲವೂ ಹೇಳಲೆಂದೇ ಬಂದಿದ್ದಳು, ಒಳಗೆ ಬರಲು ಹೊಲಿಗೆ ಒಂದು ನೆಪ. ನಾನು ಗಾಯವನ್ನು ನಾಲ್ಕು ಸಲ ನೋಡಿದ್ದೆ, ಮುಖವನ್ನು ಒಂದು ಸಲವೂ ನೋಡಿರಲಿಲ್ಲ. ಆಕೆ ಚಿಕಿತ್ಸೆ ಪಡೆದು ಗುಣವಾದಳು. ಅದು ಆ ಸಿಸ್ಟರ್‌ನಿಂದ ಆದದ್ದು.

ಹಾಗಾಗಿ ನೀವು ಕೇಳಿದ್ದಕ್ಕೆ ನನ್ನ ಉತ್ತರ ಉದ್ದವಿರುತ್ತದೆ. ಈ ಕೆಲಸದಲ್ಲಿ ಡಾಕ್ಟರಿಗಿಂತ ನೀವೇ ಮುಂದೆ ಇರುವವರು.

ಎಲ್ಲರಿಗೂ ಕೇಳಲು ಎರಡೇ ಪ್ರಶ್ನೆ ಸಾಕು. ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿ, ಬೇಜಾರಾಗಿ, ಮುಂದೇನೂ ಕಾಣದಂತೆ ಪದೇಪದೇ ಆಗಿದೆಯಾ? ಯಾವ ಕೆಲಸದಲ್ಲೂ ಆಸಕ್ತಿ, ಖುಷಿ ಇಲ್ಲದಂತೆ ಆಗಿದೆಯಾ? ಎರಡಕ್ಕೂ ಇಲ್ಲ ಎಂದರೆ ಮುಂದಿನವರನ್ನು ಕರೆಯಿರಿ. ಒಂದಕ್ಕೆ ಹೌದು ಎಂದರೂ ಎಡಿನ್‌ಬರೋ ಪ್ರಶ್ನಾವಳಿ ಕೊಡಿ. ಬ್ರಿಟನ್ನಿನ ಮನೋವೈದ್ಯ ಜಾನ್ ಕಾಕ್ಸ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ್ದು, ಹತ್ತು ಪ್ರಶ್ನೆಗಳಿವೆ, ಕನ್ನಡದಲ್ಲೂ ಬಳಕೆಯಲ್ಲಿದೆ. ಕಳೆದ ಏಳು ದಿನಗಳ ಬಗ್ಗೆ ಕೇಳುತ್ತದೆ, ಐದು ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ರೂಪಿಸಿದವರು ಬಹಳ ಜಾಣತನ ತೋರಿಸಿದ್ದಾರೆ: ಸುಸ್ತು, ಹಸಿವು, ತೂಕ ಇವನ್ನೆಲ್ಲ ಬೇಕೆಂದೇ ಕೇಳಿಲ್ಲ. ಬಸುರಿಯಲ್ಲಿ, ಬಾಣಂತಿಯಲ್ಲಿ ಸುಸ್ತು ಇಲ್ಲದವರು ಯಾರು? ಅದರ ಬದಲು, ನಗುವ ವಿಷಯಕ್ಕೆ ಮೊದಲಿನ ಹಾಗೆ ನಗು ಬರುತ್ತಿದೆಯಾ ಎಂದು ಶುರುಮಾಡುತ್ತಾರೆ. ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ಖಿನ್ನತೆ ಇರುವ ಸಂಭವ ಜಾಸ್ತಿ. 10 ದಾಟಿದವರನ್ನೂ ನಾನು ಸುಮ್ಮನೆ ಕಳಿಸುವುದಿಲ್ಲ. ಆದರೆ ಅಂಕವೇ ಕಾಯಿಲೆಯಲ್ಲ, ಅದು ಬಾಗಿಲು ತಟ್ಟುವುದಷ್ಟೇ. ಅಂಕ ಕಡಿಮೆಯಿದ್ದರೂ ನಿಮ್ಮ ಮನಸ್ಸಿಗೆ ಏನೋ ಸರಿಯಿಲ್ಲ ಅನ್ನಿಸಿದರೆ ಆ ಅನ್ನಿಸಿಕೆಗೆ ಬೆಲೆ ಕೊಡಿ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ "ಇಲ್ಲವೇ ಇಲ್ಲ" ಎನ್ನುವುದನ್ನು ಬಿಟ್ಟು ಬೇರೆ ಏನೇ ಗುರುತು ಹಾಕಿದ್ದರೂ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ಡಾಕ್ಟರು ಮಾತಾಡಿಸಬೇಕು. ಈ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಬಿಡುತ್ತದೆ ಎಂದು ಕೆಲವರು ಹೆದರುತ್ತಾರೆ. ಹಾಗೆ ಹುಟ್ಟುವುದಿಲ್ಲ. ಕೇಳಿದರೆ ಎಷ್ಟೋ ಮಂದಿಗೆ ಭಾರ ಇಳಿದ ಹಾಗಾಗುತ್ತದೆ. ಬ್ರಿಟನ್ನಿನಲ್ಲಿ ತಾಯಂದಿರ ಪ್ರತಿಯೊಂದು ಸಾವನ್ನೂ ಕೂಲಂಕಷವಾಗಿ ಪರಿಶೀಲಿಸುತ್ತಾರೆ. ಹೆರಿಗೆಯ ಆರು ವಾರದ ನಂತರ, ವರ್ಷ ತುಂಬುವುದರೊಳಗಿನ ಸಾವುಗಳಿಗೆ ಅಲ್ಲಿ ಮುಖ್ಯ ಕಾರಣಗಳಲ್ಲೊಂದು ಆತ್ಮಹತ್ಯೆ. ಆರು ವಾರಕ್ಕೆ ನಾವು ಕಾರ್ಡು ಮುಚ್ಚುತ್ತೇವೆ, ಅಪಾಯ ಮುಚ್ಚುವುದಿಲ್ಲ.

ಎಲ್ಲಿ ಕೇಳುವುದು ಎಂದಿರಿ. ತೂಕದ ಯಂತ್ರ ಪರದೆಯ ಹಿಂದೆ ಇರಲಿ. "ತೂಕ, ಬಿಪಿಗೆ ಒಬ್ಬೊಬ್ಬರೇ ಬರಬೇಕು" ಎನ್ನುವುದು ಎಲ್ಲರಿಗೂ ಒಂದೇ ನಿಯಮವಾದರೆ ಯಾವ ಅತ್ತೆಗೂ, ಯಾವ ಗಂಡನಿಗೂ ಸಂಶಯ ಬರುವುದಿಲ್ಲ. ಮನೆಯಲ್ಲಿ ಕೈಮಾಡುವವರಿದ್ದಾರಾ ಎಂದು ಕೇಳಲೂ ಇದೇ ಜಾಗ. ಹೊಡೆತ ಇರುವ ಮನೆಯಲ್ಲಿ ಖಿನ್ನತೆ ಬಹಳ ಸಾಮಾನ್ಯ, ಜೊತೆಗೆ ಬಂದವರ ಎದುರು ಅದನ್ನು ಎಂದೂ ಕೇಳಬಾರದು. ಕೇಳುವಾಗ ಪೆನ್ನು ಕೆಳಗಿಡಿ. ಇದೊಂದು ಸಣ್ಣ ವಿಷಯ, ಆದರೆ ನಾನು ಕಂಡ ಹಾಗೆ ಹೆಂಗಸರು ಬರೆಯುತ್ತಿರುವ ಕೈಗೆ ಉತ್ತರ ಕೊಡುವುದಿಲ್ಲ. "ಈಗ ಎಲ್ಲ ಬಸುರಿಯರಿಗೂ ಕೇಳ್ತೀವಿ" ಎಂದು ಶುರುಮಾಡಿದರೆ, ತನ್ನ ಮುಖ ನೋಡಿ ಕೇಳಿದರು ಎಂದು ಆಕೆ ಕುಗ್ಗುವುದಿಲ್ಲ.

ಹಿಂದೊಮ್ಮೆ ಖಿನ್ನತೆ ಆಗಿತ್ತೇ ಎನ್ನುವುದನ್ನು ಮೊದಲ ಭೇಟಿಯಲ್ಲೇ ಕಾರ್ಡಿನ ಮೇಲೆ ಬರೆಯಿರಿ, ಮುಂದೆ ಬರುವ ಅಪಾಯಕ್ಕೆ ಅದಕ್ಕಿಂತ ದೊಡ್ಡ ಸುಳಿವಿಲ್ಲ. ನಿದ್ದೆಯೇ ಬೇಡದೆ ವಿಪರೀತ ಹುರುಪಿನಲ್ಲಿ ದಿನಗಟ್ಟಲೆ ಇದ್ದದ್ದು ಉಂಟೇ ಎಂದೂ ಕೇಳಿ. ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ ಒಮ್ಮೆ ಕುಗ್ಗುವ ಕಾಯಿಲೆಯ ಗುರುತಾಗಿರಬಹುದು, ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಕೆಡುತ್ತದೆ. ಇನ್ನು ಕೆಲವು ಕಣ್ಣಿಗೆ ಬೀಳುವಂಥವು. ಒಂದೇ ನೋವಿಗೆ ಮತ್ತೆಮತ್ತೆ ಬರುವವರು. ಚೆಕಪ್ ತಪ್ಪಿಸುವವರು. "ನೀವು ಹೇಗಿದ್ದೀರಿ" ಎಂದರೆ "ಮಗು ಚೆನ್ನಾಗಿದೆ" ಎನ್ನುವವರು. ಉತ್ತರಿಸುವ ಮೊದಲು ಜೊತೆಗೆ ಬಂದವರ ಮುಖ ನೋಡುವವರು. ಮಗುವನ್ನು ಐಸಿಯುನಲ್ಲಿ ಬಿಟ್ಟು ಬಂದವರನ್ನಂತೂ ಮರೆಯಲೇಬೇಡಿ.

ಅಮೆರಿಕದ ಪ್ರಸೂತಿ ತಜ್ಞರ ಸಂಘ 2023ರಲ್ಲಿ ಹೇಳಿದ್ದು ಮೊದಲ ಭೇಟಿಯಲ್ಲಿ ಒಮ್ಮೆ, ಗರ್ಭದ ಕೊನೆಯ ಭಾಗದಲ್ಲಿ ಒಮ್ಮೆ, ಹೆರಿಗೆಯ ನಂತರ ಮತ್ತೆ ಕೇಳಿ ಎಂದು. ನಾನು ಒಂದು ಸೇರಿಸುತ್ತೇನೆ: ತನ್ನ ಚೆಕಪ್‌ಗೆ ಬಾರದ ತಾಯಿ ಮಗುವಿನ ಲಸಿಕೆಗೆ ಬಂದೇ ಬರುತ್ತಾಳೆ. ಅಲ್ಲಿಯ ಸಿಸ್ಟರ್‌ಗೂ ಈ ಎರಡು ಪ್ರಶ್ನೆ ಕಲಿಸಿಕೊಡಿ.

ಅತ್ತರೆ ಅಳಲಿ. ಪಕ್ಕ ಕೂತಿರಿ. ಸಮಾಧಾನದ ಮಾತು ಹುಡುಕಬೇಡಿ. "ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ, ನಿಮ್ಮನ್ನು ಇವತ್ತು ಇಂಥವರ ಹತ್ತಿರ ಕಳಿಸ್ತೀನಿ" ಎಂದರೆ ಸಾಕು. ಆ ಇಂಥವರು ಯಾರು ಎನ್ನುವುದು ಕೇಳುವ ಮೊದಲೇ ಗೊತ್ತಿರಬೇಕು: ಒಬ್ಬ ಮನೋವೈದ್ಯರು ಅಥವಾ ಆಪ್ತಸಮಾಲೋಚಕರು, ಅವರ ಫೋನ್ ನಂಬರು, ವಾರದ ಯಾವ ದಿನ ಸಿಗುತ್ತಾರೆ. ಒಪಿಡಿಯ ಗೋಡೆಯ ಮೇಲೆ ಅಂಟಿಸಿಡಿ. ಮುಂದಿನ ಸಲ ಬಂದಾಗ "ಹೋಗಿದ್ರಾ?" ಎಂದು ಕೇಳಿ. ಎಷ್ಟೋ ಜನ ಹೋಗಿರುವುದಿಲ್ಲ. ಆಗ ಮತ್ತೆ ಕಳಿಸಿ.

ಪ್ರಶ್ನೆ: ನನ್ನ ಮಗಳಿಗೆ ಹೆರಿಗೆಯಾಗಿ ಎಂಟು ದಿನ. ಮೂರು ರಾತ್ರಿಯಿಂದ ಕಣ್ಣು ಮುಚ್ಚಿಲ್ಲ, ಆದರೂ ಸುಸ್ತೇ ಇಲ್ಲ. ಬಡಬಡ ಮಾತಾಡುತ್ತಾಳೆ. ಮಗುವನ್ನು ಆಸ್ಪತ್ರೆಯಲ್ಲಿ ಬದಲಿಸಿದ್ದಾರೆ, ಇದು ನನ್ನದಲ್ಲ ಅನ್ನುತ್ತಾಳೆ. ಸ್ವಲ್ಪ ಹೊತ್ತಿಗೆ ಏನೂ ಆಗದವಳಂತೆ ಇರುತ್ತಾಳೆ.

ಉತ್ತರ: ಇದು ಅಚ್ಚಾಗುವವರೆಗೆ ಕಾಯುವ ಪತ್ರವಲ್ಲ. ಈ ತಾಯಿಗೆ ಪತ್ರ ತಲುಪಿದ ದಿನವೇ ಫೋನ್ ಮಾಡಿದೆ, ಮಗಳು ಆಸ್ಪತ್ರೆಗೆ ಸೇರಿ ಈಗ ಸುಧಾರಿಸುತ್ತಿದ್ದಾಳೆ. ಅವರ ಅನುಮತಿಯಿಂದ ಬೇರೆ ಮನೆಗಳವರಿಗಾಗಿ ಹಾಕಿದ್ದೇನೆ. ಇದು ಖಿನ್ನತೆಯಲ್ಲ, ಹೆರಿಗೆಯ ನಂತರದ ಸೈಕೋಸಿಸ್, ಅಂದರೆ ನಿಜ ಯಾವುದು, ಭ್ರಮೆ ಯಾವುದು ಎನ್ನುವ ಹಿಡಿತ ತಪ್ಪುವ ಕಾಯಿಲೆ. ಸಾವಿರ ಹೆರಿಗೆಗೆ ಒಂದೆರಡು, ಬಹುಪಾಲು ಮೊದಲ ಎರಡು ವಾರದೊಳಗೆ, ಇದ್ದಕ್ಕಿದ್ದಂತೆ ಬರುತ್ತದೆ. ನಡುನಡುವೆ ಸರಿಯಾದಂತೆ ಕಾಣುವುದೇ ಅದರ ಮೋಸ. ರಕ್ತಸ್ರಾವವಾದರೆ ಹೇಗೆ ಓಡುತ್ತೀರೋ ಹಾಗೆ ಆಸ್ಪತ್ರೆಗೆ ಓಡಿ. ಅಲ್ಲಿಯವರೆಗೆ ತಾಯಿಯನ್ನೂ ಮಗುವನ್ನೂ ಇಬ್ಬರನ್ನೇ ಬಿಡಬೇಡಿ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಮನೆಯಲ್ಲಿ ಯಾರಿಗಾದರೂ ಬೈಪೋಲಾರ್ ಇದ್ದರೆ ಮುಂದಿನ ಬಸಿರಿನ ಮೊದಲೇ ವೈದ್ಯರಿಗೆ ತಿಳಿಸಿ.

ಪ್ರಶ್ನೆ: ನನ್ನ ಹೆಂಡತಿ ಎರಡು ವರ್ಷದಿಂದ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಈಗ ಐದು ತಿಂಗಳ ಗರ್ಭಿಣಿ. ಮಗುವಿಗೆ ತೊಂದರೆ ಎಂದು ಬಂಧುಗಳು ಹೇಳಿದ್ದಕ್ಕೆ ಮೂರನೇ ತಿಂಗಳಲ್ಲಿ ಒಮ್ಮೆಗೇ ನಿಲ್ಲಿಸಿದಳು. ಪ್ರಸೂತಿ ವೈದ್ಯರಿಗೆ ಹೇಳಿಲ್ಲ. ಈಗ ಊಟ ಬಿಟ್ಟಿದ್ದಾಳೆ, ಸ್ಕ್ಯಾನ್‌ಗೂ ಬರುವುದಿಲ್ಲ ಅನ್ನುತ್ತಾಳೆ. ನಿಲ್ಲಿಸಿದ್ದು ಒಳ್ಳೆಯದೇ ಆಯಿತಾ?

ಉತ್ತರ: ಹೇಳದೆ ಕೇಳದೆ ನಿಲ್ಲಿಸಿದ್ದು ಒಳ್ಳೆಯದಾಗಲಿಲ್ಲ. ಆಕೆಯನ್ನು ಬೈಯಬೇಡಿ, ಮಗುವಿನ ಮೇಲಿನ ಪ್ರೀತಿಗೇ ಹಾಗೆ ಮಾಡಿದ್ದಾಳೆ.

ಮಾತ್ರೆ ನುಂಗಿದರೆ ಮಗುವಿಗೆ ಅಪಾಯ, ಬಿಟ್ಟರೆ ಅಪಾಯವಿಲ್ಲ ಎಂದು ಎಲ್ಲರೂ ತಕ್ಕಡಿಯ ಒಂದೇ ತಟ್ಟೆ ನೋಡುತ್ತಾರೆ. ಇನ್ನೊಂದು ತಟ್ಟೆಯಲ್ಲಿರುವುದು ಈಗ ನಿಮ್ಮ ಮನೆಯಲ್ಲೇ ಇದೆ: ಊಟವಿಲ್ಲ, ಚೆಕಪ್ ಇಲ್ಲ. ಚಿಕಿತ್ಸೆಯಿಲ್ಲದ ಖಿನ್ನತೆಯಲ್ಲಿ ದಿನ ತುಂಬುವ ಮೊದಲೇ ಹೆರಿಗೆ, ಕಡಿಮೆ ತೂಕದ ಮಗು ಇವುಗಳ ಸಂಭವ ಹೆಚ್ಚು. ಅಮೆರಿಕದಲ್ಲಿ 201 ಗರ್ಭಿಣಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾತ್ರೆ ನಿಲ್ಲಿಸಿದವರಲ್ಲಿ 100ಕ್ಕೆ 68 ಮಂದಿಗೆ ಕಾಯಿಲೆ ಮರುಕಳಿಸಿತು, ಮುಂದುವರಿಸಿದವರಲ್ಲಿ 26 ಮಂದಿಗೆ. ಅವರಲ್ಲಿ ಬಹಳಷ್ಟು ಮಂದಿ ಹಿಂದೆ ಹಲವು ಸಲ ಖಿನ್ನತೆ ಬಂದುಹೋದವರು, ಎಲ್ಲರಿಗೂ ಇದೇ ಲೆಕ್ಕ ಕೂಡುವುದಿಲ್ಲ. ಆದರೂ ದಿಕ್ಕು ತಿಳಿಯುತ್ತದೆ.

ಮಾತ್ರೆಗಳಲ್ಲೂ ಎಲ್ಲವೂ ಒಂದೇ ಅಲ್ಲ. ಮೂರ್ಛೆರೋಗಕ್ಕೂ ಬೈಪೋಲಾರ್ ಕಾಯಿಲೆಗೂ ಕೊಡುವ ವಾಲ್‌ಪ್ರೊಯೇಟ್‌ನಂಥ ಔಷಧಿ ಗರ್ಭಿಣಿಗೆ ನಿಜಕ್ಕೂ ಬೇಡ, ಮಗುವಿನ ಬೆನ್ನುಹುರಿ ಮತ್ತು ಬುದ್ಧಿ ಬೆಳವಣಿಗೆಗೆ ಅದು ಹಾನಿ ಮಾಡುತ್ತದೆ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಸರ್ಟ್ರಲಿನ್‌ನಂಥ ಮಾತ್ರೆಗಳ ವಿಷಯ ಬೇರೆ, ಅವುಗಳ ಮೇಲೆ ಲಕ್ಷಗಟ್ಟಲೆ ಗರ್ಭಿಣಿಯರ ಮಾಹಿತಿ ಇದೆ. ಕೊನೆಯವರೆಗೆ ತೆಗೆದುಕೊಂಡ ಕೆಲವರ ಮಕ್ಕಳು ಹುಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪ ನಡುಗಬಹುದು, ರಚ್ಚೆ ಹಿಡಿಯಬಹುದು. ಹೆಚ್ಚಾಗಿ ಕೆಲವೇ ದಿನಗಳಲ್ಲಿ ಅದು ತಣ್ಣಗಾಗುತ್ತದೆ, ವೈದ್ಯರಿಗೆ ಮೊದಲೇ ಗೊತ್ತಿದ್ದರೆ ಗಮನಿಸುತ್ತಾರೆ. ಅದಕ್ಕೇ ಮುಚ್ಚಿಡಬೇಡಿ ಎನ್ನುವುದು. ಹಳೆಯ ಮಾತ್ರೆಯ ಚೀಟಿ ಹಿಡಿದು ಇಬ್ಬರೂ ನಾಳೆಯೇ ಹೋಗಿ. ಹಳೆಯ ಪ್ರಮಾಣದಲ್ಲೇ ನೀವಾಗಿ ಮತ್ತೆ ಶುರುಮಾಡಬೇಡಿ. ಪ್ರಸೂತಿ ವೈದ್ಯರೂ ಮನೋವೈದ್ಯರೂ ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡಲಿ, ನೀವು ಕೇಳಿಕೊಂಡರೆ ಮಾತಾಡುತ್ತಾರೆ.

ನೀವು ಹೇಗಿದ್ದೀರಿ? ಮಗು ಬರುವ ಹೊತ್ತಿಗೆ ಸುಮಾರು ಹತ್ತರಲ್ಲಿ ಒಬ್ಬ ತಂದೆಗೂ ಖಿನ್ನತೆ ಬರುತ್ತದೆ. ಎರಡು ಪ್ರಶ್ನೆ ಮೇಲೆ ಬರೆದಿದ್ದೇನೆ, ನೀವೂ ಕೇಳಿಕೊಳ್ಳಿ.

ಪ್ರಶ್ನೆ: ನಾಲ್ಕನೇ ತಿಂಗಳಲ್ಲಿ ಮಗು ಹೋಯಿತು. ಎಲ್ಲರೂ "ಇನ್ನೊಂದು ಆಗುತ್ತೆ ಬಿಡು" ಅನ್ನುತ್ತಾರೆ. ಐದು ತಿಂಗಳಾಯಿತು. ನನಗೆ ಹುಟ್ಟಬೇಕಿದ್ದ ತಾರೀಖು ಹತ್ತಿರ ಬರುತ್ತಿದೆ.

ಉತ್ತರ: ಆ ತಾರೀಖು ನಿಮಗೆ ನೆನಪಿದೆ, ಉಳಿದವರಿಗೆ ಮರೆತಿದೆ. ದುಃಖ ನಿಮ್ಮದೇ, ಅದನ್ನು ಯಾರೂ ಗಡುವು ಹಾಕಿ ಮುಗಿಸಬೇಕಾಗಿಲ್ಲ. ದುಃಖ ಅಲೆಅಲೆಯಾಗಿ ಬಂದು ಹೋಗುತ್ತಿದ್ದರೆ, ನಡುವೆ ಒಮ್ಮೆಯಾದರೂ ಉಸಿರಾಡಲು ಜಾಗ ಸಿಗುತ್ತಿದ್ದರೆ ಸ್ವಲ್ಪ ಕಾಯಬಹುದು. ಆ ಜಾಗವೇ ಇಲ್ಲದಿದ್ದರೆ, "ನನ್ನ ತಪ್ಪಿನಿಂದಲೇ ಹೋಯಿತು" ಎನ್ನುವುದು ಬಿಡದಿದ್ದರೆ ತೋರಿಸಿಕೊಳ್ಳಿ. ಇಂಥ ಗರ್ಭಗಳು ತಾಯಿ ಮಾಡಿದ ಯಾವುದೋ ಕೆಲಸದಿಂದ ಹೋಗುವುದು ತೀರಾ ಅಪರೂಪ. ಆ ತಾರೀಖಿನ ದಿನ ಒಬ್ಬರೇ ಇರಬೇಡಿ. "ಇನ್ನೊಂದು ಆಗುತ್ತೆ" ಎನ್ನದ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ಪ್ರಶ್ನೆ: ವಯಸ್ಸು 26. ಮುಟ್ಟಿನ ಮೊದಲ ಒಂದು ವಾರ ನಾನು ನಾನಾಗಿರುವುದಿಲ್ಲ. ಸಾಯೋಣ ಅನ್ನಿಸುವಷ್ಟು. ಮುಟ್ಟಾದ ಎರಡನೇ ದಿನಕ್ಕೆ ಎಲ್ಲ ಮಾಯ. ಡಾಕ್ಟರು ಎಲ್ಲರಿಗೂ ಹೀಗೇ ಎಂದರು.

ಉತ್ತರ: ಎಲ್ಲರಿಗೂ ಸಾಯೋಣ ಅನ್ನಿಸುವುದಿಲ್ಲ. ಮುಟ್ಟಿನ ಮೊದಲಿನ ಈ ತೀವ್ರ ಮನೋವ್ಯಥೆಗೆ ಪಿಎಂಡಿಡಿ ಎಂಬ ಹೆಸರಿದೆ, 2013ರಿಂದ ಅಮೆರಿಕದ ಮನೋವೈದ್ಯರ ಕಾಯಿಲೆಗಳ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯೆಂದೇ ಸೇರಿದೆ. ಎರಡು ತಿಂಗಳು ದಿನವೂ ಕ್ಯಾಲೆಂಡರಿನಲ್ಲಿ ಮನಸ್ಸಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಗುರುತಿಸಿ, ಮುಟ್ಟಿನ ದಿನಗಳಿಗೆ ಬೇರೆ ಬಣ್ಣ. ಆ ಹಾಳೆಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟರೆ ಮಾತು ಬೇಡ. ಇದಕ್ಕೆ ಖಿನ್ನತೆಯ ಮಾತ್ರೆಗಳನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡುವ ಕ್ರಮವೂ ಇದೆ. ಸಾಯುವ ಯೋಚನೆ ಬರುವ ದಿನಗಳಲ್ಲಿ ಮಾತ್ರ ಹಾಳೆ ತುಂಬುವವರೆಗೆ ಕಾಯದೆ ಆಗಲೇ ಹೋಗಿ.

ಪ್ರಶ್ನೆ: 47 ವರ್ಷ. ಮುಟ್ಟು ಎರಡು ತಿಂಗಳಿಗೊಮ್ಮೆ, ಬಂದರೆ ವಿಪರೀತ ಸ್ರಾವ. ರಾತ್ರಿ ಬೆವತು ಏಳುತ್ತೇನೆ. ಯಾರ ಜೊತೆಗೂ ಮಾತು ಬೇಡ, ಕೆಲಸ ಬಿಡೋಣ ಅನ್ನಿಸುತ್ತಿದೆ. ಮುಟ್ಟು ನಿಲ್ಲುವ ಕಾಲ, ಸಹಿಸಿಕೊಳ್ಳಿ ಎನ್ನುತ್ತಾರೆ.

ಉತ್ತರ: ಸಹಿಸಿಕೊಳ್ಳುವುದು ಚಿಕಿತ್ಸೆಯಲ್ಲ. ಮುಟ್ಟು ನಿಲ್ಲುವ ಮುಂಚಿನ ಈ ಕೆಲವು ವರ್ಷಗಳಲ್ಲಿ ಖಿನ್ನತೆ ಬರುವ ಸಂಭವ ಏರುತ್ತದೆ, ಹಿಂದೆ ಒಮ್ಮೆ ಬಂದಿದ್ದವರಿಗೆ ಇನ್ನೂ ಹೆಚ್ಚು. ನಿಮ್ಮಲ್ಲಿ ಮೂರು ಎಳೆ ಸೇರಿ ಗಂಟಾಗಿವೆ: ಸ್ರಾವದಿಂದ ರಕ್ತಹೀನತೆ ಇರಬಹುದು, ಬೆವರಿನಿಂದ ನಿದ್ದೆ ಕೆಟ್ಟಿದೆ, ಮನಸ್ಸು ಕುಗ್ಗಿದೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ, ಸ್ರಾವಕ್ಕೆ ಸ್ಕ್ಯಾನ್ ಆಗಲಿ. ಖಿನ್ನತೆಗೆ ಕೊಡುವ ವೆನ್ಲಾಫ್ಯಾಕ್ಸಿನ್‌ನಂಥ ಕೆಲವು ಮಾತ್ರೆಗಳು ಬಿಸಿಯೇರಿ ಬೆವರುವುದನ್ನೂ ತಗ್ಗಿಸುತ್ತವೆ, ನಿಮ್ಮಂಥವರಿಗೆ ಅದು ಅನುಕೂಲ. ಹಾರ್ಮೋನ್ ಚಿಕಿತ್ಸೆ ನಿಮಗೆ ಹೊಂದುತ್ತದೆಯೇ ಎಂದೂ ಕೇಳಿ. ಕೆಲಸ ಬಿಡುವ ತೀರ್ಮಾನವನ್ನು ಚಿಕಿತ್ಸೆ ಶುರುವಾಗಿ ಮೂರು ತಿಂಗಳು ಕಳೆದ ಮೇಲೆ ಮಾಡಿ.

ಪ್ರಶ್ನೆ: ಮೇಡಂ, ಬೆನ್ನುನೋವಿನ ಬಗ್ಗೆ ಮೊದಲು ಬರೆದವಳು ನಾನೇ. ಮಗು ಮಲಗಿದರೆ ನನಗೂ ಚೆನ್ನಾಗಿ ನಿದ್ದೆ ಬರುತ್ತದೆ. ಮನಸ್ಸೂ ಚೆನ್ನಾಗಿದೆ. ನೋವು ಮಾತ್ರ ಹಾಗೇ ಇದೆ.

ಉತ್ತರ: ಕೇಳಿ ಸಂತೋಷವಾಯಿತು. ಹಾಗಾದರೆ ನಿಮ್ಮ ಬೆನ್ನನ್ನೇ ನೋಡೋಣ. ಹಾಲೂಡಿಸುವಾಗ ನೀವು ಮಗುವಿನ ಕಡೆ ಬಾಗುತ್ತೀರೋ, ಮಗುವನ್ನು ನಿಮ್ಮ ಎದೆಯ ಮಟ್ಟಕ್ಕೆ ಎತ್ತಿಕೊಳ್ಳುತ್ತೀರೋ ಗಮನಿಸಿ. ತೊಡೆಯ ಮೇಲೆ ಒಂದು ದಿಂಬು, ಸೊಂಟದ ಹಿಂದೆ ಒಂದು, ಪಾದ ನೆಲಕ್ಕೆ ಊರಿರಲಿ. ಫಿಸಿಯೋಥೆರಪಿಸ್ಟ್ ಹತ್ತಿರ ಹೊಟ್ಟೆಯ ಸ್ನಾಯುಗಳ ವ್ಯಾಯಾಮ ಕಲಿಯಿರಿ, ಅವು ಸಡಿಲವಾದಾಗ ಭಾರವೆಲ್ಲ ಬೆನ್ನಿಗೆ ಬೀಳುತ್ತದೆ. ಕಾಲು ಜೋಮು ಹಿಡಿದರೆ, ಜ್ವರ ಬಂದರೆ, ಮೂತ್ರ ಹಿಡಿತ ತಪ್ಪಿದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಆರು ವಾರ ಹೀಗೆ ಮಾಡಿ ಮತ್ತೆ ಬರೆಯಿರಿ.